ಮಗಳ ಹುಟ್ಟುಹಬ್ಬದ ಮೆತ್ತನೆಯ ಊಟ

ನಮ್ಮ ಅತ್ತೆ ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಎರಡು ಓಣಿ ಆಚೆಯ ಇನ್ನೊಂದು ನೇಕಾರರ ಮನೆಗೆ ಸೊಸೆಯಾಗಿ ಬಂದವರು. ಮಗ್ಗಕ್ಕೆ ಕೂತಾಗ ಎಳೆ ಹರಿದರೆ ಗಂಟು ಹಾಕಿ, ತುದಿಯನ್ನು ಹಲ್ಲಿನಿಂದಲೇ ಕಡಿದು ಉಗುಳುತ್ತಿದ್ದರು. ಕತ್ತರಿ ಪಕ್ಕದಲ್ಲೇ ಇರುತ್ತಿತ್ತು, ಕೈ ಮಾತ್ರ ಅದರ ಕಡೆ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ಖಡಕ್ ರೊಟ್ಟಿ, ಹಸಿ ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ. ಅವರು ರೊಟ್ಟಿ ಮುರಿದು ಅಗಿಯುವ ಸಪ್ಪಳ ಅಡುಗೆಮನೆಯಲ್ಲಿದ್ದ ನನಗೆ ಕೇಳುತ್ತಿತ್ತು. ಸಪ್ಪಳ ನಿಂತಿತೆಂದರೆ ಇನ್ನೊಂದು ರೊಟ್ಟಿ ಬೇಕೆಂದು ನಾನೇ ತಿಳಿದುಕೊಳ್ಳುತ್ತಿದ್ದೆ.

ಅಂಥವರ ಒಸಡಿಗೆ ರೋಗ ಹತ್ತಿತು. ಮೊದಲು ಒಂದು ಹಲ್ಲು ಅಲುಗಾಡಿತು, ಆಮೇಲೆ ಸಾಲಾಗಿ ಎಲ್ಲವೂ. ಗದಗದ ಹಲ್ಲಿನ ಡಾಕ್ಟರು ನೋಡಿ, ಒಂದನ್ನೂ ಉಳಿಸಿಕೊಳ್ಳುವ ಹಂಗಿಲ್ಲ ಎಂದರು. ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಎಲ್ಲವನ್ನೂ ತೆಗೆದರು. ಒಸಡು ಪೂರ್ತಿ ಮಾಗಿದ ಮೇಲೆ ಹಲ್ಲಿನ ಸೆಟ್ ಕೂಡಿಸೋಣ, ಅಲ್ಲಿಯತನಕ ಮೆತ್ತಗಿನದ್ದು ಉಣ್ಣಲಿ ಎಂದು ಹೇಳಿ ಕಳಿಸಿದರು.

ಮೊದಮೊದಲು ಅತ್ತೆ ಗಟ್ಟಿಯಾಗಿಯೇ ಇದ್ದರು. ಕನ್ನಡಿ ನೋಡಿಕೊಂಡು, "ನಮ್ಮವ್ವನ ಮಾರಿ ಬಂತು ನೋಡು ನನಗ," ಎಂದು ನಕ್ಕಿದ್ದೂ ಉಂಟು. ಆಮೇಲೆ ಏನಾಯಿತೋ, ಒಂದು ದಿನದಿಂದ ಸೆರಗು ಬಾಯಿಗೆ ಬಂತು. ಮಾತಾಡುವಾಗ ಸೆರಗು ಅಡ್ಡ ಹಿಡಿಯುತ್ತಿದ್ದರು. ಬರುಬರುತ್ತ ಮಾತನ್ನೇ ಕಡಿಮೆ ಮಾಡಿದರು. ಸಂಜೆ ಕಟ್ಟೆಗೆ ಹೋಗಿ ಓಣಿಯ ಹೆಂಗಸರ ಜೊತೆ ಕೂಡುವುದು ನಿಂತಿತು. ನಮ್ಮ ಜೊತೆ ಊಟಕ್ಕೂ ಬರಲಿಲ್ಲ. ನಾವೆಲ್ಲ ಉಂಡೆದ್ದ ಮೇಲೆ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೋ ನುಚ್ಚನ್ನೋ ಉಣ್ಣುತ್ತಿದ್ದರು. ನಾನು ಏನಾದರೂ ಬಡಿಸಲು ಹೋದರೆ, "ಸಾಕು, ನೀ ಹೋಗು," ಎನ್ನುತ್ತಿದ್ದರು.

ನನ್ನ ಗಂಡ ನಾಗಾವಿ ಕಡೆಗೆ ಕಾಲೇಜು ಹುಡುಗರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಾರೆ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ನಾನು ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ, ರವಿಕೆ ಹೊಲಿದು ಕೊಡುತ್ತೇನೆ. ಹೀಗಾಗಿ ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ. ಇಷ್ಟು ವರ್ಷ ಹೊಲಿಗೆ ಯಂತ್ರದ ಸಪ್ಪಳದ ಮೇಲೆ ದನಿ ಎತ್ತಿ ಊರ ಸುದ್ದಿಯೆಲ್ಲ ಹೇಳುತ್ತಿದ್ದ ಹೆಂಗಸು ಈಗ ಸುಮ್ಮನೆ ಕೂತಿರುವುದನ್ನು ನೋಡಿದರೆ ನನಗೆ ಕೆಲಸಕ್ಕೆ ಕೈ ಬರುತ್ತಿರಲಿಲ್ಲ. ಅವರನ್ನು ಸಮಾಧಾನ ಮಾಡುವ ಮಾತೂ ನನಗೆ ಗೊತ್ತಿರಲಿಲ್ಲ. ಅವರು ನನ್ನ ಮುಂದೆ ಎಂದೂ ಸೋತವರಲ್ಲ.

ಹೀಗಿರುವಾಗ ನನ್ನ ಮಗಳ ಹುಟ್ಟುಹಬ್ಬ ಬಂತು. ಹೈಸ್ಕೂಲು ಹುಡುಗಿ, ಹದಿನೈದು ತುಂಬುತ್ತಿತ್ತು. ಪ್ರತಿ ವರ್ಷ ಹೋಳಿಗೆ, ಎಣ್ಣಿಗಾಯಿ ಮಾಡಿ ಮುಗಿಸುತ್ತಿದ್ದೆ. ಈ ಸಲ ಅವಳು ಮೊಬೈಲ್ ಹಿಡಿದುಕೊಂಡು ನನ್ನ ಯಂತ್ರದ ಪಕ್ಕ ಬಂದು ಕೂತಳು.

"ಅವ್ವಾ, ಈ ಸಲ ಇಟಲಿ ಅಡಿಗಿ ಮಾಡೋಣು."

"ಇಟಲಿ ಅಡಿಗಿ ಉಣ್ಣಾಕ ನಮಗ ಬರಬೇಕಲ್ಲ," ಎಂದೆ. "ಮಾಡಾಕಂತೂ ಬರೂದೇ ಇಲ್ಲ."

ಅವಳು ಒಂದೊಂದೇ ತೋರಿಸಿದಳು. ಟೊಮೆಟೊ ಸೂಪು. ತೆಳ್ಳಗೆ ಲಟ್ಟಿಸಿದ ಹಾಳೆಗಳನ್ನು ಬೇಯಿಸಿ, ನಡುನಡುವೆ ಟೊಮೆಟೊ ರಸ, ಬಿಳಿ ಸಾಸು, ಪನೀರು ಹಾಕಿ, ಮೇಲೆ ಚೀಸ್ ಉದುರಿಸಿ ಭಟ್ಟಿಯಲ್ಲಿ ಇಡುವ ಲಸಾನಿಯಾ. ಕೊನೆಗೆ ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕೆನೆ ಇಟ್ಟು ಮಾಡುವ ಒಂದು ಸಿಹಿ. ಪಿಜ್ಜಾ ಯಾಕೆ ಬೇಡ, ಗದಗದಲ್ಲಿ ಸಿಗುತ್ತದಲ್ಲ ಎಂದು ಕೇಳಿದೆ.

"ಪಿಜ್ಜಾ ಅಗೀಬೇಕಾಗ್ತದ," ಎಂದಳು.

ಅವಳು ಮುಖ ಎತ್ತಲಿಲ್ಲ. ನಾನು ಯಂತ್ರ ನಿಲ್ಲಿಸಿದೆ. ಅವಳೇ ಹೇಳಿದಳು. ಆವತ್ತು ಶಾಲೆಯ ಗೆಳತಿಯರು ಮನೆಗೆ ಬಂದಾಗ ಆಯಿ ಏನೋ ಹೇಳಲು ಹೋಗಿ, ಮಾತು ತೊದಲಿ, ಶಬ್ದ ಬೇರೆಯೇ ಆಯಿತಂತೆ. ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಒಬ್ಬ ಗೆಳತಿ ಫಕ್ಕನೆ ನಕ್ಕಳಂತೆ.

"ಆಕಿ ನಕ್ಕದ್ದಕ್ಕ ನನಗೂ ನಗು ಬಂತವ್ವಾ. ಆಯಿ ನನ್ನ ಕಡೆ ನೋಡಿದ್ಲು. ಸೆರಗು ಬಾಯಿಗೆ ಹಿಡಕೊಂಡು ಒಳಗ ಹೋಗಿಬಿಟ್ಲು." ಅವಳ ಕಣ್ಣು ತುಂಬಿದ್ದವು. "ನನ್ನ ಹುಟ್ಟುಹಬ್ಬದಾಗ ಎಲ್ಲಾರೂ ಮೆತ್ತಂದೇ ಉಣ್ಣಬೇಕು. ಆಯಿ ಒಬ್ಬಾಕಿನ ಅಲ್ಲ. ಹಂಗಾದ್ರ ನಮ್ಮ ಜೋಡಿ ಕುಂಡ್ರತಾಳ."

ನನಗೆ ಅವಳನ್ನು ಬೈಯುವ ಮನಸ್ಸಾಗಲಿಲ್ಲ. ಅವಳ ತಲೆ ಸವರಿ, "ಮಾಡೋಣು ತಗೋ," ಎಂದೆ. ಹೇಗೆ ಮಾಡುವುದೆಂದು ನನಗೆ ಆಗ ಖರೆಯಾಗಿಯೂ ಗೊತ್ತಿರಲಿಲ್ಲ.

ಹುಟ್ಟುಹಬ್ಬ ಭಾನುವಾರ ಬಂದದ್ದು ಅನುಕೂಲವೇ ಆಯಿತು. ಗಂಡ ಬೆಳಿಗ್ಗೆಯೇ ಗದಗ ಮಾರ್ಕೆಟ್ಟಿಗೆ ಹೋಗಿ ಟೊಮೆಟೊ, ಪನೀರು, ಚೀಸು ತಂದರು. ಮೊಬೈಲಿನಲ್ಲಿ ಹೇಳಿದ ಬೇಸಿಲ್ ಎಂಬ ಎಲೆ ಮಾತ್ರ ಎಲ್ಲಿಯೂ ಸಿಗಲಿಲ್ಲ. ಮಗಳು ಅದರ ಚಿತ್ರವನ್ನು ಅವರಿಗೆ ಕಳಿಸಿದ್ದಳು. ಅದನ್ನೇ ಹಿಡಿದು ಅಲೆದಾಡಿ, ಕೊನೆಗೆ ಹೂವಿನವಳಿಗೆ ತೋರಿಸಿದರಂತೆ. ಅವಳು ನೋಡಿ, "ಕಾಮಕಸ್ತೂರಿ ಇದ್ಧಂಗ ಐತಲ್ರಿ," ಎಂದು ಮಾಲೆಗೆ ಇಟ್ಟುಕೊಂಡಿದ್ದ ಒಂದು ಹಿಡಿ ತೆಗೆದು ಕೊಟ್ಟಳಂತೆ. ಅಡುಗೆಗೆ ಎಂದಾಗ ಇವರನ್ನೇ ಒಂದು ನಮೂನೆ ನೋಡಿದಳಂತೆ. ಆ ಎಲೆ ತೊಳೆದು ಟೊಮೆಟೊ ರಸಕ್ಕೆ ಹಾಕಿದಾಗ ನಮ್ಮ ಅಡುಗೆಮನೆ ಮದುವೆ ಮನೆಯ ಹಾಗೆ ಘಮ್ಮೆಂದಿತು. ಇಟಲಿಯವರಿಗೂ ಹಾಗೇ ಅನಿಸುತ್ತದೆಯೋ ಏನೋ, ನನಗಂತೂ ಯಾರೋ ಹೆರಳಿಗೆ ಮಾಲೆ ಮುಡಿದು ಹಿಂದೆ ನಿಂತಂತೆ ಆಗುತ್ತಿತ್ತು.

ಸಿಹಿಯ ತಯಾರಿ ಹಿಂದಿನ ದಿನವೇ ಆಗಿತ್ತು. ಅವರ ಕೆನೆಯ ಬದಲು ನಾನು ಶ್ರೀಖಂಡಕ್ಕೆ ಮಾಡುವಂತೆ ಮೊಸರನ್ನು ಅರಿವೆಯಲ್ಲಿ ಕಟ್ಟಿ ತೂಗುಹಾಕಿ, ನೀರು ಇಳಿಸಿ, ಸಕ್ಕರೆ ಹಾಕಿ ತಿರುವಿದ್ದೆ. ಅವರ ಬಿಸ್ಕತ್ತಿನ ಬದಲು ಓಣಿಯ ಬೇಕರಿಯ ಟೋಸ್ಟು. ಕಾಫಿ ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಒಂದು ಸಣ್ಣ ಪುಡಿಕೆ ತಂದು ಕದಡಿ, ಟೋಸ್ಟನ್ನು ಅದ್ದಿ, ಮೇಲೆ ಮೊಸರು ಹರಡಿ, ಮತ್ತೆ ಟೋಸ್ಟು, ಮತ್ತೆ ಮೊಸರು. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದು ಬೆಳಿಗ್ಗೆಗೆ ಟೋಸ್ಟು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು.

ಲಸಾನಿಯಾದ ಹಾಳೆಗೆ ಮೈದಾ, ಸಣ್ಣ ರವೆ ಕಲಸಿ, ನಾದಿ, ಚಪಾತಿಗಿಂತ ತೆಳ್ಳಗೆ ಲಟ್ಟಿಸಿ ಚೌಕ ಚೌಕ ಕತ್ತರಿಸಿದೆ. ಇಲ್ಲಿಯತನಕ ಎಲ್ಲ ಸರಿಯಿತ್ತು. ಬಿಳಿ ಸಾಸಿಗೆ ಬಂದಾಗ ಕೈ ಕೊಟ್ಟಿತು. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿದ್ದೇ ತಡ, ಹಿಟ್ಟೆಲ್ಲ ಗಂಟು ಗಂಟಾಗಿ ನಿಂತಿತು. ಸೌಟಿನಿಂದ ಎಷ್ಟು ಒತ್ತಿದರೂ ಒಡೆಯಲಿಲ್ಲ. ಮಗಳು ಮೊಬೈಲಿನ ವಿಡಿಯೋ ಮತ್ತೆ ಮತ್ತೆ ಹಿಂದಕ್ಕೆ ಓಡಿಸುತ್ತಿದ್ದಳು. ಅಲ್ಲಿಯ ಹೆಂಗಸಿನ ಪಾತ್ರೆಯಲ್ಲಿ ಸಾಸು ಹಾಲಿನ ಹಾಗೆ ನುಣ್ಣಗಿತ್ತು.

ಹಿಂದಿನಿಂದ ದನಿ ಬಂತು. "ಉರಿ ಸಣ್ಣ ಮಾಡು ಲೇ. ಹಾಸಿಗೆ ಹಚ್ಚೂ ಗಂಜಿ ಮಾಡ್ಯಾಳ ನೋಡು."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬೆಣ್ಣೆಯಲ್ಲಿ ಹಿಟ್ಟು ಹುರಿದ ವಾಸನೆಗೆ ಎದ್ದು ಬಂದಿದ್ದರು ಅಂತ ಕಾಣುತ್ತದೆ. ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳಿಗೆ ನಾವು ಹಾಸು ಎನ್ನುತ್ತೇವೆ, ಅವು ಹರಿಯದಿರಲೆಂದು ಗಂಜಿ ಹಚ್ಚುತ್ತಾರೆ. ಅತ್ತೆ ಆಯುಷ್ಯವೆಲ್ಲ ಆ ಗಂಜಿ ಕುದಿಸಿದವರು. ನನ್ನ ಕೈಯಿಂದ ಸೌಟು ತೆಗೆದುಕೊಂಡು, ಪಾತ್ರೆ ಕೆಳಗಿಳಿಸಿ, ಒಂದು ತೆಳ್ಳಗಿನ ಅರಿವೆ ತರಲು ಮಗಳಿಗೆ ಹೇಳಿದರು. ಇಬ್ಬರೂ ಕೂಡಿ ಸೋಸಿ ಹಿಂಡಿದರು. ಗಂಟೆಲ್ಲ ಅರಿವೆಯಲ್ಲಿ ಉಳಿದು, ಸಾಸು ಜಿನುಗಿ ಕೆಳಗಿಳಿಯಿತು.

"ಇದನ್ನ ಉಣ್ಣತಾರೇನು?" ಎಂದು ಅತ್ತೆ ಕೇಳಿದರು.

"ಹೂಂ ಆಯಿ. ನಾವೂ ಉಣ್ಣೂದು," ಎಂದಳು ಮಗಳು.

"ಅರಿವಿಗೆ ಹಚ್ಚೂದನ್ನ ಹೊಟ್ಟಿಗೆ ಹಚ್ಚತಾರ," ಎಂದು ಅತ್ತೆ ನಗಲು ಬಾಯಿ ತೆರೆದರು. ಮೊಮ್ಮಗಳು ಎದುರಿಗೇ ಇದ್ದಳು. ಅವಳನ್ನು ಕಂಡು ಆವತ್ತಿನ ನಗು ನೆನಪಾಯಿತೇನೋ. ಸೆರಗು ಬಾಯಿಗೆ ಹೋಯಿತು. ಸೌಟನ್ನು ಕಟ್ಟೆಯ ಮೇಲಿಟ್ಟು, ಬಂದ ಹಾಗೇ ಒಳಗೆ ಹೋಗಿಬಿಟ್ಟರು. ಮಗಳು ಹಸಿ ಅರಿವೆ ಹಿಡಿದುಕೊಂಡು ಅಲ್ಲೇ ನಿಂತಳು.

"ಬಂದಿದ್ಲಲ್ಲ," ಎಂದೆ. "ಮತ್ತ ಬರತಾಳ."

ಸಂಜೆ ಎಲ್ಲವನ್ನೂ ಪದರ ಪದರವಾಗಿ ತಟ್ಟೆಯಲ್ಲಿ ಜೋಡಿಸಿದೆವು. ನಮ್ಮ ಮನೆಯಲ್ಲಿ ಒಲೆ ಇದೆ, ಭಟ್ಟಿ ಇಲ್ಲ. ಓಣಿಯ ತಿರುವಿನಲ್ಲಿ ಒಬ್ಬ ಮುಸಲ್ಮಾನರ ಬೇಕರಿ ಇದೆ. ನನ್ನ ಗಂಡ ಸಣ್ಣವರಿದ್ದಾಗಿನಿಂದ ಅವರನ್ನು ಚಾಚಾ ಎನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ. ಅವರಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದೆವು. ಅವರೇ ತಮ್ಮ ಬ್ರೆಡ್ಡಿನ ಅಗಲ ತಟ್ಟೆಯನ್ನು ಕೊಟ್ಟಿದ್ದರು. ಗಂಡ ಮತ್ತು ಮಗಳು ತಟ್ಟೆಯ ಎರಡು ತುದಿ ಹಿಡಿದು ಓಣಿಯಲ್ಲಿ ಹೊರಟರೆ ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತು ನೋಡಿದರು. ಸಂಜೆಯ ಬ್ರೆಡ್ಡು ಇಳಿಸಿ ಆಗಿತ್ತು, ಭಟ್ಟಿ ಇನ್ನೂ ಕಾದೇ ಇತ್ತು. ಚಾಚಾ ಬಗ್ಗಿ ನೋಡುತ್ತ, ಬಣ್ಣ ಬಂದ ಕೂಡಲೇ ಹೊರಗೆ ಎಳೆದರಂತೆ. "ನಾ ಇಷ್ಟು ವರ್ಷದಾಗ ಇಂಥಾದ್ದು ಸುಟ್ಟಿಲ್ಲ," ಎಂದು ತಾವೇ ಮನೆಯತನಕ ತಂದುಕೊಟ್ಟರು. ಒಳಗೆ ಬಂದು ಉಣ್ಣಿರಿ ಎಂದರೆ, ಅಂಗಡಿಯಲ್ಲಿ ಯಾರೂ ಇಲ್ಲ, ಒಂದು ತುಂಡು ಕಟ್ಟಿಕೊಡಿ ಸಾಕು ಎಂದರು.

ಅಷ್ಟರಲ್ಲಿ ಲಕ್ಷ್ಮೇಶ್ವರದಿಂದ ನನ್ನ ನಾದಿನಿ ಮತ್ತು ಅವಳ ಗಂಡ ಬಂದರು. ನಾದಿನಿ ಅತ್ತೆಗೆ ಒಬ್ಬಳೇ ಮಗಳು. ಅವಳ ಗಂಡ ಲಕ್ಷ್ಮೇಶ್ವರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಮಾತು ಕಡಿಮೆ, ಇಸ್ತ್ರಿ ಅಂಗಿ, ಬಂದರೆ ಗೋಡೆಗೆ ಒರಗದೆ ನೆಟ್ಟಗೆ ಕೂಡುವ ಮನುಷ್ಯ. ಅತ್ತೆಗೆ ಅಳಿಯನೆಂದರೆ ಬಹಳ ಮರ್ಯಾದೆ. ಅವರ ಮುಂದೆ ಎಂದೂ ತಲೆಯ ಮೇಲಿನ ಸೆರಗು ಇಳಿಸಿದವರಲ್ಲ. ಹಲ್ಲು ತೆಗೆಸಿದ್ದು ಅಳಿಯನಿಗೆ ಹೇಳಬೇಡ ಎಂದು ಮಗಳಿಗೆ ಫೋನಿನಲ್ಲಿ ತಾಕೀತು ಮಾಡಿದ್ದರು.

ನಾದಿನಿಯ ಕೈಯಲ್ಲಿ ಒಂದು ದೊಡ್ಡ ಬುಟ್ಟಿ ಇತ್ತು. ಬಿಚ್ಚಿದರೆ ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳಿನ ಕರಿ ಚಟ್ನಿಪುಡಿ.

"ನೀವು ಏನೇನೋ ಮಾಡ್ತೀರಿ ಅಂತ ಕೇಳಿದ್ದೆ ವೈನಿ. ಅವ್ವಗ ಅದೆಲ್ಲ ಸೇರೂದಿಲ್ಲ. ಆಕಿಗೆ ರೊಟ್ಟಿ ಅಂದ್ರ ಜೀವ. ಅದಕ್ಕ ತಂದೆ."

ಹಲ್ಲು ತೆಗೆಸಿದ್ದನ್ನು ಅವಳು ಫೋನಿನಲ್ಲಿ ಕೇಳಿದ್ದಳೇ ಹೊರತು ಒಂದೂ ಉಳಿದಿಲ್ಲವೆಂದು ಗೊತ್ತಿರಲಿಲ್ಲ, ಅವ್ವನ ಮುಖವನ್ನು ಇನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ಅತ್ತೆ ಕೋಣೆಯಿಂದ ಹೊರಗೆ ಬಂದರು, ಸೆರಗು ಬಾಯಿಗೆ ಹಿಡಿದೇ ಇದ್ದರು. ನಾದಿನಿಯ ಹತ್ತಿರ ಕೂತು, ಬುಟ್ಟಿಗೆ ಕೈ ಹಾಕಿ ಮೇಲಿನ ರೊಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅಂಚನ್ನು ಸವರಿದರು.

"ಚೊಲೊ ಬಡದೀಯಲ್ಲ," ಎಂದರು ಮೆಲ್ಲಗೆ. ಮಾತು ತೊದಲಿತು. ಕೈ ಹಿಂದಕ್ಕೆ ತೆಗೆದುಕೊಂಡರು.

ನಾದಿನಿ ಅವ್ವನ ಕೆನ್ನೆಯ ಕಡೆ ನೋಡಿದಳು. ಒಳಗೆ ಇಳಿದುಹೋದ ಕೆನ್ನೆ. ಅವಳು ಬುಟ್ಟಿಯ ಮೇಲೆ ಅರಿವೆ ಮುಚ್ಚಿ, ಎತ್ತಿಕೊಂಡು ಅಡುಗೆಮನೆಗೆ ಬಂದಳು. ಅಲ್ಲಿ ನೀರಿನ ಕೊಡದ ಪಕ್ಕ ಇಟ್ಟು, ನನಗೆ ಬೆನ್ನು ಮಾಡಿ ನಿಂತಳು.

"ನನಗ ತಿಳೀಲಿಲ್ಲ ನೋಡ್ರಿ ವೈನಿ. ದಾರಿಗುಂಟ ಮುರೀತಾವ ಅಂತ ತೊಡಿಮ್ಯಾಲೆ ಇಟಗೊಂಡು ಬಂದೆ."

ಅವಳ ಭುಜದ ಮೇಲೆ ಕೈ ಇಟ್ಟೆ. ಈ ಊಟ ಯಾಕೆ ಹೀಗೆ ಎಂದು ಅಲ್ಲಿಯೇ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಹಂಗಾರ ಬಡಸೋಣು ನಡೀರಿ," ಎಂದಳು.

ನಮ್ಮ ಪಡಸಾಲೆಯಲ್ಲಿ ಹಳೆಯ ಕುಣಿಮಗ್ಗಕ್ಕೆಂದು ನೆಲದಲ್ಲಿ ತೋಡಿದ್ದ ತಗ್ಗಿಗೆ ಈಗ ಹಲಗೆ ಮುಚ್ಚಿದ್ದೇವೆ. ಅದರ ಮೇಲೆ ಜಮಖಾನೆ ಹಾಸಿ ಎಲ್ಲರೂ ಕೂತೆವು. ಅತ್ತೆ ಮಾತ್ರ ಕೋಣೆಯ ಬಾಗಿಲ ಕಡೆ ಸರಿದರು.

"ನೀವೆಲ್ಲ ಮುಗಸ್ರಿ. ನಂದು ಆಮ್ಯಾಲೆ ಆಗ್ತೇತಿ."

ಮೊಮ್ಮಗಳು ಎದ್ದು ಅವರ ಕೈ ಹಿಡಿದಳು. "ಆಯಿ, ನನ್ನ ಹುಟ್ಟುಹಬ್ಬ. ನನ್ನ ಬಾಜೂಕ ಕುಂಡ್ರು. ಕಡಿಯೂದು ಏನೂ ಇಲ್ಲ ಇದರಾಗ. ಎಲ್ಲಾ ಮೆತ್ತಂದ ಐತಿ. ನಿನ್ನ ಸಲುವಾಗಿನ ಮಾಡೇವಿ."

ಅವಳು ಅದನ್ನು ಎಲ್ಲರ ಮುಂದೆ ಹೇಳಿದ್ದು ತಪ್ಪಾಯಿತೇನೋ ಎಂದು ನನಗೆ ಅನಿಸಿತು. ಅತ್ತೆಯ ಕಿವಿ ಕೆಂಪಾದವು. ಅಳಿಯನ ಕಡೆ ಒಮ್ಮೆ ನೋಡಿ ನೆಲ ನೋಡಿದರು. ಆದರೂ ಮೊಮ್ಮಗಳ ಕೈ ಬಿಡಿಸಿಕೊಳ್ಳಲಿಲ್ಲ. ಕೂತರು. ಸೂಪಿನ ಬಟ್ಟಲನ್ನು ಸೆರಗಿನ ಮರೆಯಲ್ಲಿ ಒಯ್ದು ಒಂದು ಗುಟುಕು ಕುಡಿದರು. ಚಮಚದ ಸಪ್ಪಳ ಒಂದೇ ಕೇಳುತ್ತಿತ್ತು.

ಆಮೇಲೆ ಲಸಾನಿಯಾ ಬಡಿಸಿದೆವು. ಚೀಸ್ ಎಳೆ ಎಳೆಯಾಗಿ ತಟ್ಟೆಯಿಂದ ತಟ್ಟೆಗೆ ಬಂತು. ಅಳಿಯ ಒಂದು ತುತ್ತು ಬಾಯಿಗಿಟ್ಟು, ಎರಡನೆಯದಕ್ಕೆ ಕೈ ತಡೆದರು. ಚೀಸ್ ಎಲ್ಲೋ ಸಿಕ್ಕಿಕೊಂಡಿತ್ತು. ನಾಲಿಗೆಯಿಂದ ಬಿಡಿಸಲು ನೋಡಿದರು, ಆಗಲಿಲ್ಲ. ಕರವಸ್ತ್ರ ತೆಗೆದರು, ಮತ್ತೆ ಕಿಸೆಯಲ್ಲಿಟ್ಟರು. ಒಮ್ಮೆ ಅತ್ತೆಯ ಸೆರಗಿನ ಕಡೆ ನೋಡಿದರು. ಆಮೇಲೆ ನಮ್ಮೆಲ್ಲರ ಎದುರಿಗೆ ಬಾಯಿಗೆ ಬೆರಳು ಹಾಕಿ ಮೇಲಿನ ಎರಡು ಮುಂದಿನ ಹಲ್ಲುಗಳನ್ನು ಕಳಚಿ ತಟ್ಟೆಯ ಅಂಚಿಗೆ ಇಟ್ಟರು.

ನನ್ನ ಗಂಡನ ಕೈಯ ತುತ್ತು ಅಲ್ಲೇ ನಿಂತಿತು.

"ಮೋಟರ್‌ಸೈಕಲ್ ಮ್ಯಾಲಿಂದ ಬಿದ್ದಿದ್ದೆ," ಎಂದರು ಅಳಿಯ. ಗಾಳಿ ಆ ಸಂದಿಯಿಂದ ಹಾದು ಮಾತಿನ ಜೊತೆ ಸೀಟಿ ಹೊಡೆಯಿತು. "ಶಿರಹಟ್ಟಿ ರಸ್ತೇದಾಗ. ಲಗ್ನಕ್ಕಿಂತ ಮೊದಲ. ನೀವು ಹೆಣ್ಣು ಕೊಡೂದಿಲ್ಲ ಅಂತ ಅಂಜಿ ಆವಾಗ ಹೇಳಲಿಲ್ರಿ ಅತ್ತಿ."

ಅತ್ತೆ ಸೆರಗಿನ ಮೇಲಿನಿಂದ ಅವರನ್ನೇ ನೋಡುತ್ತಿದ್ದರು. ಆಮೇಲೆ ಮಗಳ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನು?"

"ಲಗ್ನ ಆಗಿ ಎರಡು ದಿನಕ್ಕ ಗೊತ್ತಾತು," ಎಂದಳು ನಾದಿನಿ. "ಬಚ್ಚಲದಾಗ ಬಿಟ್ಟು ಬಂದಿದ್ರು. ನಾ ಹೆದರಿ ಚೀರಿದ್ದೆ."

ಮೊದಲು ನಕ್ಕವರು ಅತ್ತೆಯೇ. ಹೊಟ್ಟೆಯೊಳಗಿನಿಂದ ಬಂದ ನಗು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲು ಎರಡೂ ಕೈ ಬೇಕಾದವು, ಸೆರಗು ತೊಡೆಯ ಮೇಲೆ ಬಿತ್ತು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದಿತ್ತು. ಅಳಿಯನೂ ಆ ಸಂದಿ ಕಾಣುವಂತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಮಗಳು ಮಾತ್ರ ನಗಲೋ ಬೇಡವೋ ಎಂದು ತುಟಿ ಕಚ್ಚಿ ಕೂತಿದ್ದಳು. ಅತ್ತೆ ಅವಳ ಬೆನ್ನ ಮೇಲೆ ಒಂದು ಏಟು ಹಾಕಿದರು.

"ನಗು ಲೇ. ಈಗ ನಗಬಹುದು."

ಹುಡುಗಿ ಆಯಿಯ ತೊಡೆಯ ಮೇಲೆ ಮುಖ ಇಟ್ಟು ಅತ್ತಳು. ಅತ್ತೆಗೆ ಯಾಕೆಂದು ಗೊತ್ತಿತ್ತು. ಎಡಗೈಯಿಂದ ಅವಳ ಹೆರಳು ಸವರುತ್ತ ಬಲಗೈಯಿಂದ ಲಸಾನಿಯಾ ಕಲಸಿ ಉಣ್ಣತೊಡಗಿದರು.

"ಹೆಂಗೈತ್ರಿ ಅತ್ತಿ?" ಎಂದೆ.

"ಚೊಲೊ ಐತಿ. ಖಾರ ಇಲ್ಲ." ಅಡುಗೆಮನೆಯ ಕಡೆ ಕೈ ತೋರಿಸಿದರು. "ಆ ಗುರೆಳ್ಳು ಚಟ್ನಿ ತಗೊಂಬಾ."

ತಂದೆ. ಅವರು ಅದನ್ನು ಚೀಸಿನ ಮೇಲೆ ಧಾರಾಳವಾಗಿ ಉದುರಿಸಿಕೊಂಡರು. ಅಳಿಯನೂ ಕೇಳಿ ಹಾಕಿಸಿಕೊಂಡರು. ಕೊನೆಗೆ ಎಲ್ಲರ ತಟ್ಟೆಯಲ್ಲೂ ಇಟಲಿಯ ಮೇಲೆ ಕಪ್ಪಗೆ ಗುರೆಳ್ಳು ಬಿದ್ದಿತ್ತು. ರುಚಿಯ ವಿಷಯದಲ್ಲಿ ಸುಳ್ಳು ಹೇಳಬಾರದು, ಅದು ಬಿದ್ದ ಮೇಲೆಯೇ ಊಟಕ್ಕೆ ಕಳೆ ಬಂತು. ಅತ್ತೆ ಎರಡನೆಯ ಸಲ ಹಾಕಿಸಿಕೊಂಡರು. ಕಾಫಿಯ ಸಿಹಿಯನ್ನು ಒಂದು ಚಮಚ ತಿಂದು, ಕಹಿ ಎಂದು ಮಗನ ಬಟ್ಟಲಿಗೆ ಸುರಿದರು. ಮೇಲಿನ ಮೊಸರನ್ನು ಮಾತ್ರ ಬಳಿದು ತಾವೇ ಇಟ್ಟುಕೊಂಡರು.

ಅಳಿಯ ಹಲ್ಲುಗಳನ್ನು ತೊಳೆದು ಮತ್ತೆ ಹಾಕಿಕೊಂಡರು, ನೆಟ್ಟಗೆ ಕೂತರು, ಮತ್ತೆ ಮೊದಲಿನ ಮನುಷ್ಯನೇ ಆದರು. ಚೀಸ್ ಖರೆಯೇ ಸಿಕ್ಕಿಕೊಂಡಿತ್ತೋ, ಅತ್ತೆಯನ್ನು ನೋಡಿ ಬೇಕೆಂದೇ ಹಾಗೆ ಮಾಡಿದರೋ, ನನಗೆ ಇಂದಿಗೂ ಗೊತ್ತಿಲ್ಲ. ನಾದಿನಿಯನ್ನು ಆಮೇಲೊಮ್ಮೆ ಕೇಳಿದೆ. ಅವಳೂ ಕೇಳಿದ್ದಳಂತೆ, ಅವರು ಉತ್ತರ ಕೊಡಲಿಲ್ಲವಂತೆ.

ಮರುದಿನ ಮಧ್ಯಾಹ್ನ ಅತ್ತೆ ನಮ್ಮ ಜೊತೆಗೇ ನುಚ್ಚು ಉಂಡರು. ಸಂಜೆ ನಾನು ಯಂತ್ರದ ಮುಂದೆ ಕೂತಿದ್ದಾಗ ಕಿಟಕಿಯಿಂದ ಅವರ ದನಿ ಕೇಳಿತು. ಕಟ್ಟೆಯ ಮೇಲೆ ಓಣಿಯ ಹೆಂಗಸರ ನಡುವೆ ಕೂತಿದ್ದರು. ತಟ್ಟೆ ಹಿಡಿದು ಹೊರಟದ್ದನ್ನು ಎಲ್ಲರೂ ನೋಡಿದ್ದರು, ಏನು ಮಾಡಿದ್ದೀರಿ ಎಂದು ಕೇಳುತ್ತಿದ್ದರು. ಆ ಹೆಸರು ಅತ್ತೆಯ ಬಾಯಲ್ಲಿ ಹೊರಡಲಿಲ್ಲ. ಒಮ್ಮೆ ಅಂದರು, ತೊದಲಿತು. ಇನ್ನೊಮ್ಮೆ ಅಂದರು, ಮತ್ತೂ ಕೆಟ್ಟಿತು. ನಾನು ಯಂತ್ರ ತುಳಿಯುವುದನ್ನು ನಿಲ್ಲಿಸಿ ಕೇಳುತ್ತ ಕೂತೆ.

"ಹೆಸರು ಏನರ ಇರಲಿ," ಎಂದರು ಅತ್ತೆ ಗಟ್ಟಿಯಾಗಿ. "ಪದರ ಪದರ ಇರತೇತಿ. ನಡಕ ನಮ್ಮ ಗಂಜಿ ಇದ್ಧಂಗ ಒಂದು ಇರತೇತಿ. ನಾನ ಸೋಸಿ ಕೊಟ್ಟೆ."

ಯಾರೋ ಮುಂದಿನ ಸಲ ತಮಗೂ ಕೊಡಬೇಕೆಂದು ಹೇಳಿದರು. ನಮ್ಮ ಸೊಸೆಗೆ ಹೇಳುತ್ತೇನೆ ಎಂದರು ಅತ್ತೆ. ಆಮೇಲೆ ಅವರು ಹೂವಿನವಳ ಸುದ್ದಿಗೆ ಹೋದರು, ಅಲ್ಲಿಂದ ಚಾಚಾನ ಭಟ್ಟಿಗೆ. ಅಳಿಯನ ಹಲ್ಲಿನ ಸುದ್ದಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.